ಎಷ್ಟು ಹೊತ್ತಾಗುತ್ತೆ ಅಂದವರಿಗೆಲ್ಲ ನಾನು ಹೇಳಿದ್ದು

ಬ್ಯಾಟರಿ ಅಂಗಡಿಗೆ ಬರುವ ಗಿರಾಕಿ ಬ್ಯಾಟರಿಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಯಾಕೆ ಹೋಯಿತು ಎಂದು ಕೇಳುವುದಿಲ್ಲ, ಮತ್ತೆ ಹೋಗದ ಹಾಗೆ ಏನು ಮಾಡಬೇಕು ಎಂದೂ ಕೇಳುವುದಿಲ್ಲ. ಅವನು ಕೇಳುವುದು ಒಂದೇ: ಎಷ್ಟು ಹೊತ್ತಾಗುತ್ತೆ? ಗೌರಿಬಿದನೂರಿನ ಒಂದು ಅಂಗಡಿಯಲ್ಲಿ ಕೂತು ಈ ಪ್ರಶ್ನೆಗೆ ಉತ್ತರ ಹೇಳುತ್ತಲೇ ನನ್ನ ತಲೆ ಬೆಳ್ಳಗಾಯಿತು. ಈಗ ಅಂಗಡಿ ಬಿಟ್ಟು ಮನೆಯಲ್ಲಿದ್ದೇನೆ. ಎಲೆಕ್ಟ್ರಿಕ್ ಆಟೋಗಳಿಗೆ ಚಾರ್ಜಿಂಗ್ ಹಾಕಿಕೊಂಡಿರುವ ಹುಡುಗರು ಆಗಾಗ ಬಂದು ಏನಾದರೂ ಹೇಳಿ ಎನ್ನುತ್ತಾರೆ. ಹೇಳಿದರೆ ಮರೆತುಹೋಗುತ್ತೆ, ಬರೆದುಕೊಡಿ ಎನ್ನುತ್ತಾರೆ. ಬರೆದರೆ ಓದುವುದಿಲ್ಲ. ಆದರೂ ಬರೆಯುತ್ತಿದ್ದೇನೆ.

ಇಲ್ಲಿರುವುದೆಲ್ಲ ಹೀಗೆಯೇ ನಡೆಯಿತು ಎಂದು ನಂಬಬೇಡಿ. ಹಲವು ಸಲ ಹೇಳಿದ ಸಂಗತಿಗಳಿವು. ಪ್ರತಿ ಸಲ ಹೇಳಿದಾಗಲೂ ಚೂರು ಚೂರು ನುಣುಪಾಗಿವೆ. ತೀರಾ ನುಣುಪಾದದ್ದು ನನಗೇ ಗೊತ್ತಾದ ಕಡೆ ನಿಲ್ಲಿಸಿ ಹೇಳುತ್ತೇನೆ. ಗೊತ್ತಾಗದ ಕಡೆ ಏನೂ ಮಾಡಲಾರೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಗಂಗರತ್ನ ಎಂಬ ಹೆಣ್ಣುಮಗಳ ವಿಷಯ. ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದವಳು ಅದನ್ನು ಬಿಟ್ಟು ಎಲೆಕ್ಟ್ರಿಕ್ ಆಟೋ ತೆಗೆದುಕೊಂಡಳು. ಅಲೀಪುರದ ಕಡೆಯ ಅವಳ ಹಳ್ಳಿಯಿಂದ ನಾಲ್ವರು ಹೆಂಗಸರು ಅದೇ ಕಾರ್ಖಾನೆಯ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದರು. ಅವರನ್ನು ದಿನವೂ ಗೇಟು ಮುಚ್ಚುವುದರೊಳಗೆ ಮುಟ್ಟಿಸುವುದು ಅವಳು ಹಿಡಿದ ಕೆಲಸ. ಒಂದು ತಿಂಗಳು ನೋಡುತ್ತೇವೆ, ಒಂದೇ ಒಂದು ದಿನ ಗೇಟು ತಪ್ಪಿದರೂ ಹಳೆಯ ಡೀಸೆಲ್ ಆಟೋಗೇ ಹೋಗುತ್ತೇವೆ ಎಂದು ಆ ನಾಲ್ವರು ಮೊದಲೇ ಹೇಳಿದ್ದರು. ಬೇರೆ ಬಾಡಿಗೆಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಇದು ಹೋದರೆ ಅವಳು ಮತ್ತೆ ಹೊಲಿಗೆ ಮೆಷಿನ್ನಿಗೆ ಹೋಗಿ ಕೂರಬೇಕಿತ್ತು. ಅಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು.

ಆದರೆ ಅವಳ ವಿಷಯ ಅರ್ಥವಾಗಬೇಕಾದರೆ ನಮ್ಮ ಅಂಗಡಿಯಲ್ಲಿ ಹೊತ್ತನ್ನು ಹೇಗೆ ಹೇಳುತ್ತಿದ್ದೆವು ಎನ್ನುವುದು ಮೊದಲು ಗೊತ್ತಿರಬೇಕು.

ಅಂಗಡಿ ಜಾಫರ್ ಸಾಹೇಬರದು. ಅಲೀಪುರದವರು. ಬಿಳಿ ಅಂಗಿ ಹಾಕಿ ಬರುತ್ತಿದ್ದರು, ಮೊಹರಂ ತಿಂಗಳಲ್ಲಿ ಕರಿ ಅಂಗಿ. ಎರಡರಲ್ಲೂ ಹೊಟ್ಟೆಯ ಮಟ್ಟಕ್ಕೆ ಆಸಿಡ್ ತಿಂದ ತೂತುಗಳಿರುತ್ತಿದ್ದವು. ಬ್ಯಾಟರಿಯನ್ನು ಹೊಟ್ಟೆಗೆ ಆನಿಸಿಕೊಂಡು ಎತ್ತುವುದರಿಂದ ಈ ಕೆಲಸದವರ ಬಟ್ಟೆ ತೂತಾಗುವುದು ಅಲ್ಲೇ. ನನ್ನ ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ತೂತುಗಳಿಗೆಲ್ಲ ತೇಪೆ ಹಾಕುತ್ತಿದ್ದಳು. ಆಮೇಲೆ ಬಿಟ್ಟಳು. ತೇಪೆಯೂ ತೂತಾಗುತ್ತಿತ್ತು.

ಸಾಹೇಬರು ಕಲಿಸಿದ ಲೆಕ್ಕ ಸುಲಭ. ಬ್ಯಾಟರಿಯ ಮೇಲೆ ಆಂಪಿಯರ್-ಅವರ್ ಎಷ್ಟೆಂದು ಬರೆದಿರುತ್ತದೆ. ಚಾರ್ಜರ್ ಎಷ್ಟು ಆಂಪ್ಸ್ ಕೊಡುತ್ತದೋ ಅದರಿಂದ ಭಾಗಿಸಬೇಕು. ಬಂದದ್ದಕ್ಕೆ ಕಾಲು ಭಾಗ ಸೇರಿಸಬೇಕು, ಯಾಕೆಂದರೆ ಕೊಟ್ಟದ್ದನ್ನೆಲ್ಲ ಬ್ಯಾಟರಿ ಇಟ್ಟುಕೊಳ್ಳುವುದಿಲ್ಲ. ಮುಕ್ಕಾಲು ಬೇಗ ತುಂಬುತ್ತದೆ, ಉಳಿದ ಕಾಲು ಭಾಗಕ್ಕೆ ಸತಾಯಿಸುತ್ತದೆ. ಇಷ್ಟನ್ನು ಯಾರು ಬೇಕಾದರೂ ಒಂದು ಬೆಳಿಗ್ಗೆಯಲ್ಲಿ ಕಲಿಯಬಹುದು. ನಾನೂ ಕಲಿತೆ.

ಕಷ್ಟ ಇದ್ದದ್ದು ಕರೆಂಟಿನಲ್ಲಿ. ನಮ್ಮ ಅಂಗಡಿ ಊರಿನ ಅಂಚಿನಲ್ಲಿದೆ, ಲೈನು ಮಾತ್ರ ಹಳ್ಳಿಯದು. ಹಳ್ಳಿಯ ಲೈನಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ಸುತ್ತಲಿನ ತೋಟಗಳ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತವೆ, ನಮ್ಮ ಚಾರ್ಜರಿನ ಮುಳ್ಳು ಮಲಗುತ್ತದೆ. ಒಂದು ಗಂಟೆಯ ಕೆಲಸ ಎರಡಾಗುತ್ತದೆ. ಬೀನ್ಸಿಗೆ ನೀರು ಬಿಡುವ ವಾರ ಒಂದು ಥರ, ಮಳೆ ಬಿದ್ದ ವಾರ ಇನ್ನೊಂದು ಥರ. ಹೀಗಾಗಿ ಗಿರಾಕಿ ಬ್ಯಾಟರಿ ಇಳಿಸಿದಾಗ ನಾವು ಬ್ಯಾಟರಿ ನೋಡುವುದಕ್ಕಿಂತ ಮೊದಲು ಬಾಗಿಲಿಗೆ ಬಂದು ಕಿವಿಗೊಡುತ್ತಿದ್ದೆವು. ಯಾವ ಯಾವ ತೋಟದಲ್ಲಿ ಮೋಟರು ಓಡುತ್ತಿದೆ ಎಂದು ತಿಳಿದ ಮೇಲೆ ಹೊತ್ತು ಹೇಳುವುದು. ಆಗಲೂ ಅದು ತಪ್ಪುತ್ತಿತ್ತು.

ತಪ್ಪುವುದರಿಂದ ಸಾಹೇಬರು ಒಂದು ಪದ್ಧತಿ ಇಟ್ಟುಕೊಂಡಿದ್ದರು. "ರವಣಾ, ಲೆಕ್ಕ ಬ್ಯಾಟರಿಗೆ, ಮಾತು ಗಿರಾಕಿಗೆ. ಎರಡನ್ನೂ ಕಲೆಸಬ್ಯಾಡ" ಎಂದು ನನಗೆ ಹೇಳಿದ್ದರು. ನನ್ನ ಹೆಸರು ವೆಂಕಟರವಣಪ್ಪ, ಅದರ ನಡುವಿನ ತುಂಡನ್ನು ಮಾತ್ರ ಅವರು ಕರೆಯುತ್ತಿದ್ದರು. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಈಗ ಬರೆದು ನೋಡಿದರೆ ಅನುಮಾನ ಬರುತ್ತದೆ. ಸಾಹೇಬರು ಇಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ. ಅವರು ಹೇಳಿದ್ದು ಬಹುಶಃ "ಜಾಸ್ತಿ ಹೇಳೋ" ಎಂದಷ್ಟೇ.

ಜಾಸ್ತಿ ಹೇಳುವುದು ಎಂದರೆ, ಎರಡು ಗಂಟೆ ಆಗುತ್ತದೆ ಅನ್ನಿಸಿದರೆ ಮೂರು ಎನ್ನುವುದು. ಇದರಲ್ಲಿ ಮೋಸವೇನೂ ಇರಲಿಲ್ಲ, ಯಾಕೆಂದರೆ ನಾವು ಕೂಡಿಸುತ್ತೇವೆ ಎನ್ನುವುದು ಗಿರಾಕಿಗೆ ಗೊತ್ತಿತ್ತು. ಅವನು ಮನಸ್ಸಿನಲ್ಲೇ ಕಳೆಯುತ್ತಿದ್ದ. ನಾವು ಮೂರು ಎಂದರೆ ಅವನು ಎರಡಕ್ಕೆ ಬಂದು, ಇನ್ನೂ ಆಗಿಲ್ಲವಾ ಎಂದು ಮುಖ ಮಾಡುತ್ತಿದ್ದ. ಆಗಿರುತ್ತಿತ್ತು. ಇಬ್ಬರಿಗೂ ಸಮಾಧಾನ. ಚಿಂತಾಮಣಿಯ ಮಂಡಿಯಲ್ಲಿ ಮೊದಲು ಕೂಗಿದ ಬೆಲೆಗೆ ಯಾರಾದರೂ ಟೊಮೆಟೊ ಕೊಳ್ಳುತ್ತಾರೆಯೇ? ಹಾಗೆ.

ಈ ಪದ್ಧತಿ ಕೆಡುವುದು ಎರಡು ಕಡೆ. ಒಂದು, ತೀರಾ ಪರಿಚಯದವರ ಹತ್ತಿರ. ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ಜೀಪಿನವರೊಬ್ಬರು ನಮಗೆ ಕಾಯಂ ಗಿರಾಕಿ. ನಾವು ಎಷ್ಟು ಕೂಡಿಸುತ್ತೇವೆ ಎಂದು ತಿಳಿದು ಅವರು ಅಷ್ಟು ಕಳೆಯತೊಡಗಿದರು. ಅವರು ಕಳೆಯುವುದು ತಿಳಿದು ನಾವು ಇನ್ನಷ್ಟು ಕೂಡಿಸಿದೆವು. ಕೊನೆಗೆ ಟರ್ಮಿನಲ್ ಉಜ್ಜಿ ಬಿಗಿಮಾಡುವ ಐದು ನಿಮಿಷದ ಕೆಲಸಕ್ಕೂ ನಾವು ಒಂದು ಗಂಟೆ ಎನ್ನುತ್ತಿದ್ದೆವು, ಅವರು ಎಲ್ಲಿಗೂ ಹೋಗದೆ ಪಕ್ಕದಲ್ಲೇ ನಿಂತಿರುತ್ತಿದ್ದರು. ಹೊತ್ತು ಹೇಳುವುದಕ್ಕೆ ಯಾವ ಅರ್ಥವೂ ಉಳಿಯಲಿಲ್ಲ. ಆದರೂ ಅವರು ಪ್ರತಿ ಸಲ ಕೇಳುತ್ತಿದ್ದರು, ನಾವು ಪ್ರತಿ ಸಲ ಹೇಳುತ್ತಿದ್ದೆವು.

ಇನ್ನೊಂದು, ಕಳೆಯುವುದು ಗೊತ್ತಿಲ್ಲದವರ ಹತ್ತಿರ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ಹಳೆಯ ಕಾರಿನ ಬ್ಯಾಟರಿ ತಂದರು. ಮೂರು ಗಂಟೆ ಆಗುತ್ತೆ ಸಾರ್ ಎಂದೆ. ಆಗಲಿ ಎಂದು ಹೋದರು. ಎರಡು ಗಂಟೆಯಲ್ಲೇ ಕೆಲಸ ಮುಗಿಯಿತು, ಮೇಷ್ಟ್ರು ಬರಲಿಲ್ಲ. ಸಾಹೇಬರಿಗೆ ಗಾಬರಿಯಾಯಿತು. ಆರೋಗ್ಯ ಸರಿ ಇಲ್ಲವೋ ಏನೋ, ಹೊಸ ಊರು, ಹೋಗಿ ನೋಡು ಎಂದು ನನ್ನನ್ನು ಕಳಿಸಿದರು. ಬಸ್ ಸ್ಟ್ಯಾಂಡು, ಶಾಲೆ ಎಲ್ಲ ಹುಡುಕಿ ಒಂದು ಹೋಟೆಲಿನಲ್ಲಿ ಅವರನ್ನು ಹಿಡಿದೆ. ಪೇಪರ್ ಓದುತ್ತಿದ್ದರು. ಆಗಿದೆ ಬನ್ನಿ ಸಾರ್ ಎಂದೆ. ಅವರು ಗಡಿಯಾರ ನೋಡಿಕೊಂಡರು.

"ಇನ್ನೂ ಮೂರು ತಾಸ ಆಗಿಲ್ಲಲ್ರೀ. ಪೂರ್ತಿ ಆಗ್ಲಿ. ನನಗೇನೂ ಗಡಿಬಿಡಿ ಇಲ್ಲ."

ನಾವು ಅರ್ಧಕ್ಕೇ ತೆಗೆದು ಕೊಡುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿತ್ತು. ಮುಂದಿನ ಸಲ ಅವರು ಬೇರೆ ಅಂಗಡಿಗೆ ಹೋದರು. ಅಲ್ಲಿ ಏನು ಹೇಳಿದರೋ ತಿಳಿಯದು. ಆ ಅಂಗಡಿಯವನೂ ಸಾಹೇಬರ ಕೈಕೆಳಗೆ ಕಲಿತವನೇ.

ನಡುವೆ ಕೆಲಸದ ರೀತಿ ಬದಲಾಯಿತು. ಮುಚ್ಚಳ ತೆಗೆಯಲಾಗದ ಸೀಲ್ಡ್ ಬ್ಯಾಟರಿಗಳು ಬಂದವು. ಡಿಸ್ಟಿಲ್ಡ್ ವಾಟರ್ ಹಾಕುವುದು, ಆಸಿಡ್ ಎಷ್ಟು ಗಟ್ಟಿ ಇದೆ ಎಂದು ಗ್ರಾವಿಟಿ ನೋಡುವುದು, ಗುಳ್ಳೆ ಏಳುವುದನ್ನು ನೋಡಿ ಇನ್ನೆಷ್ಟು ಬಾಕಿ ಎಂದು ಅಂದಾಜು ಮಾಡುವುದು ಎಲ್ಲ ನಿಂತಿತು. ಚಿಕ್ಕಬಳ್ಳಾಪುರದ ಒಂದು ಹೋಟೆಲಿನಲ್ಲಿ ಕಂಪನಿಯವರು ನಮ್ಮಂಥವರನ್ನೆಲ್ಲ ಸೇರಿಸಿ ಒಂದು ದಿನ ಪಾಠ ಮಾಡಿದರು. ಯಾವ ಬ್ಯಾಟರಿಗೆ ಎಷ್ಟು ಹೊತ್ತು ಎಂಬ ಅಚ್ಚುಹಾಕಿದ ಪಟ್ಟಿ ಕೊಟ್ಟರು. ಸಾಹೇಬರು ಊಟ ಚೆನ್ನಾಗಿತ್ತು ಎಂದರು. ಪಟ್ಟಿಯನ್ನು ತಂದು ಅಂಗಡಿಯ ಗೋಡೆಗೆ ಅಂಟಿಸಿದರು. ಪಟ್ಟಿ ಸರಿಯಾಗಿಯೇ ಇತ್ತು. ಅದರಲ್ಲಿದ್ದಂಥ ವೋಲ್ಟೇಜು ನಮ್ಮಲ್ಲಿ ಇರಲಿಲ್ಲ.

ಅದಾಗಿ ಬಹಳ ವರ್ಷಗಳ ಮೇಲೆ ಎಲೆಕ್ಟ್ರಿಕ್ ಆಟೋಗಳು ಬಂದವು. ಸಾಹೇಬರು ಅಷ್ಟು ಹೊತ್ತಿಗೆ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಅವರ ಮಗ ನೋಡಿಕೊಳ್ಳುತ್ತಿದ್ದ, ಅಂದರೆ ನಾನು ನೋಡಿಕೊಳ್ಳುತ್ತಿದ್ದೆ. ಅಂಗಡಿಯ ಮುಂದೆ ಒಂದು ತಗಡಿನ ಚಪ್ಪರ ಹಾಕಿ, ಎರಡು ಪಾಯಿಂಟ್ ಕೊಟ್ಟು, ಕೂರಲು ಒಂದು ಬೆಂಚು ಇಟ್ಟೆವು. ಮೊದಲು ಗಿರಾಕಿ ಬ್ಯಾಟರಿ ಬಿಟ್ಟು ಹೋಗುತ್ತಿದ್ದ. ಈಗ ಗಾಡಿಯೇ ಬಂದು ನಿಲ್ಲುವುದರಿಂದ ಗಿರಾಕಿಯೂ ಅಲ್ಲೇ ಕೂರತೊಡಗಿದ. ಬೆಂಚಿನ ಮೇಲೆ ಕೂತ ಮನುಷ್ಯನಿಗೆ ಹೊತ್ತು ಹೇಳುವುದು, ಎದ್ದುಹೋಗುವ ಮನುಷ್ಯನಿಗೆ ಹೇಳಿದ ಹಾಗಲ್ಲ. ಅವನು ನಿಮ್ಮ ಮುಖವನ್ನೇ ನೋಡುತ್ತಿರುತ್ತಾನೆ. ಈ ಬದಲಾವಣೆಯ ಬಗ್ಗೆ ಯಾವ ಕಂಪನಿಯೂ ಪಾಠ ಮಾಡಲಿಲ್ಲ.

ಗಂಗರತ್ನ ಬರುತ್ತಿದ್ದದ್ದು ಬೆಳಗಿನ ಬಾಡಿಗೆಗಳೆಲ್ಲ ಮುಗಿದ ಮೇಲೆ. ಸೀಟಿನ ಕೆಳಗೆ ನಾಲ್ಕು ಬ್ಯಾಟರಿಗಳು, ಹೊಸದಾಗಿ ಇದ್ದದ್ದಕ್ಕಿಂತ ಸ್ವಲ್ಪ ಸೊರಗಿದ್ದವು. ರಾತ್ರಿ ಮನೆಯಲ್ಲಿ ತುಂಬಿಸಿದ್ದು ಮಧ್ಯಾಹ್ನದ ಹೊತ್ತಿಗೆ ಸಾಲುತ್ತಿರಲಿಲ್ಲ. ನಮ್ಮಲ್ಲಿ ಒಂದಿಷ್ಟು ಹಾಕಿಸಿಕೊಂಡು, ಹಳ್ಳಿಗೆ ಹೋಗಿ, ಆ ನಾಲ್ವರನ್ನು ಕೂರಿಸಿಕೊಂಡು, ಕುಡುಮಲಕುಂಟೆಗೆ ಬಿಡಬೇಕು. ಹಳ್ಳಿ ದಾಟಿದ ಕೂಡಲೇ ಕೆರೆ ಏರಿ ಹತ್ತಬೇಕು. ಗಾಡಿ ಹೆಚ್ಚು ತಿನ್ನುತ್ತಿದ್ದದ್ದು ಅಲ್ಲಿ. ದುರದೃಷ್ಟಕ್ಕೆ ಅವಳು ನಮ್ಮಲ್ಲಿ ನಿಲ್ಲುವ ಹೊತ್ತೂ ತ್ರೀ ಫೇಸ್ ಬಿಡುವ ಹೊತ್ತೂ ಒಂದೇ ಆಗಿತ್ತು.

ದಿನಾ ಕೇಳುತ್ತಿದ್ದಳು. ದಿನಾ ಕೂಡಿಸಿ ಹೇಳುತ್ತಿದ್ದೆ. ಅವಳೂ ಈ ಕಡೆಯವಳೇ, ದಿನಾ ಕಳೆಯುತ್ತಿದ್ದಳು. ನಾನು ಎರಡು ಎಂದರೆ ಒಂದೂ ಕಾಲಿಗೆ ಎದ್ದು ತಾನೇ ಪ್ಲಗ್ ಕಿತ್ತು ಹೊರಡುತ್ತಿದ್ದಳು. ಅದು ಸಾಕಾಗಿರುತ್ತಿತ್ತು. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿದ್ದಿಲ್ಲ.

ಡೀಸೆಲ್ ಆಟೋದ ಬಾಬುವೂ ಸೆಲ್ಫ್ ಹಿಡಿಯುತ್ತಿಲ್ಲ ಎಂದು ಆಗಾಗ ನಮ್ಮಲ್ಲಿಗೆ ಬರುತ್ತಿದ್ದ. ಆ ನಾಲ್ವರನ್ನು ಅವನೇ ಮೊದಲು ಕರೆದೊಯ್ಯುತ್ತಿದ್ದದ್ದು. ಗಂಗರತ್ನ ಬೆಂಚಿನ ಮೇಲಿದ್ದರೆ ಅವನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಏಮಕ್ಕಾ, ಬೊಂಬೆಗೆ ಕೀ ಕೊಡೋದು ಇನ್ನೂ ಮುಗಿದಿಲ್ವಾ?"

"ನಿನ್ನ ಗಾಡಿ ಆಗ್ಲಿಂದ ಕೆಮ್ತಾ ಐತೆ ಕಣೋ. ಮೊದ್ಲು ಅದನ್ನ ದೊಡ್ಡಾಸ್ಪತ್ರೆಗೆ ತೋರ್ಸಪ್ಪ."

ಇಬ್ಬರೂ ನಗುತ್ತಿದ್ದರು. ಅವನು ನಗುವುದಕ್ಕೂ ಅವಳು ನಗುವುದಕ್ಕೂ ವ್ಯತ್ಯಾಸವಿತ್ತು. ಅವನಿಗೆ ಒಂದು ದಿನ ಸಾಕಾಗಿತ್ತು, ಅವಳಿಗೆ ತಿಂಗಳು ಪೂರ್ತಿ ಬೇಕಾಗಿತ್ತು.

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ದಿನ ಅವಳು ಬೆಂಚಿನ ಮೇಲೆ ಕೂತು, ಯಾವತ್ತೂ ಹೇಳದ್ದನ್ನೆಲ್ಲ ಹೇಳಿದಳು. ಆ ನಾಲ್ವರಲ್ಲಿ ಹಿರಿಯಳು ನಾಗವೇಣಿ, ಉಳಿದ ಮೂವರೂ ಅವಳ ಮಾತಿನಂತೆ ನಡೆಯುವವರು. ಗೇಟು ತಪ್ಪಿದರೆ ಕಾರ್ಖಾನೆಯವರು ವಾಪಸ್ಸು ಕಳಿಸುತ್ತಾರೆ, ಮೂರು ನಾಲ್ಕು ಸಲವಾದರೆ ಬರಬೇಡ ಎನ್ನುತ್ತಾರೆ. ನಾಗವೇಣಿಗೆ ಆಗಲೇ ಅಷ್ಟಾಗಿದೆ, ಬಾಬುವಿನ ಗಾಡಿಯಲ್ಲಿದ್ದಾಗ ಆದದ್ದು. ಇನ್ನೊಂದು ಸಲ ಆದರೆ ಅವಳ ಕೆಲಸವೇ ಹೋಗುತ್ತದೆ. ಅದಕ್ಕೇ ಒಂದೇ ದಿನ ಎಂದು ಷರತ್ತು ಹಾಕಿರುವುದು, ಹಟಕ್ಕಲ್ಲ. ಇಷ್ಟು ಹೇಳಿ, "ನನ್ನದು ಹೋದ್ರೆ ನಾನು ಏನೋ ಮಾಡ್ಕೊತೀನಿ ಅಣ್ಣ. ನಾಗಕ್ಕಂದು ಹೋದ್ರೆ ಊರಲ್ಲಿ ಹೆಂಗೆ ಮುಖ ತೋರ್ಸೋದು" ಎಂದಳು.

ಅವಳು ಇದನ್ನು ಹೇಳಿದ್ದು ಮುಂದೆ ಹೇಳಲಿರುವ ಘಟನೆಯ ಹಿಂದಿನ ದಿನವೇ ಎಂದು ನಾನು ಯಾವಾಗಲೂ ಹೇಳಿಕೊಂಡು ಬಂದಿದ್ದೇನೆ. ಕಥೆಗೆ ಅದು ಅನುಕೂಲ. ಒಂದು ವಾರ ಮೊದಲೂ ಇರಬಹುದು. ಗಂಗರತ್ನಳನ್ನು ಕೇಳಿದರೆ ಹಾಗೆಲ್ಲ ತಾನು ಹೇಳಿಯೇ ಇಲ್ಲ, ಬೆಂಚಿನ ಮೇಲೆ ಕೂತವರು ಮಾತಾಡಿಕೊಂಡದ್ದನ್ನು ನಾನು ಕೇಳಿಸಿಕೊಂಡಿದ್ದು ಎನ್ನುತ್ತಾಳೆ. ಅದು ಹೇಗಾದರೂ ಇರಲಿ. ಆ ದಿನ ಅವಳು ಪ್ಲಗ್ ಚುಚ್ಚಿ, ಎಷ್ಟು ಹೊತ್ತಾಗುತ್ತೆ ಎಂದಾಗ ನನಗೆ ಈ ವಿಷಯ ಗೊತ್ತಿತ್ತು.

ಬಾಗಿಲಿಗೆ ಬಂದು ಕಿವಿಗೊಟ್ಟೆ. ಎಲ್ಲ ತೋಟಗಳಲ್ಲೂ ಮೋಟರು ಓಡುತ್ತಿದ್ದವು. ಇಂಥದ್ದರಲ್ಲಿ ಆಟ ಆಡಬಾರದು ಎಂದುಕೊಂಡೆ. ಒಂದು ಹೆಣ್ಣುಮಗಳ ಕೆಲಸ ಹೋಗುವ ವಿಷಯ, ಸರಿಯಾದ್ದನ್ನೇ ಹೇಳಬೇಕು. ಲೆಕ್ಕ ಹಾಕಿದೆ, ಮುಳ್ಳು ನೋಡಿದೆ, ಮತ್ತೆ ಹಾಕಿದೆ. ಒಂದೂ ಮುಕ್ಕಾಲು ಗಂಟೆ. ಕೂಡಿಸಲಿಲ್ಲ.

"ಒಂದೂ ಮುಕ್ಕಾಲು ಕಣಮ್ಮ" ಎಂದೆ.

ಸರಿ ಅಣ್ಣ ಎಂದಳು. ನಾನು ಹಿಂದುಗಡೆ ಒಂದು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಲು ಹೋದೆ. ಅದರ ನಟ್ಟು ತುಕ್ಕು ಹಿಡಿದು ಕಾಟ ಕೊಟ್ಟಿತು. ವಾಪಸ್ಸು ಬಂದಾಗ ಪ್ಲಗ್ ಗೋಡೆಯ ಮೇಲೆ ನೇತಾಡುತ್ತಿತ್ತು, ಗಾಡಿ ಇರಲಿಲ್ಲ. ಅವಳು ಎಂದಿನಂತೆ ಕಳೆದಿದ್ದಳು.

ಸರಿಯಾದ್ದನ್ನು ಹೇಳುವಾಗ, ಇದು ಸರಿಯಾದ್ದು ಎಂದೂ ಹೇಳಬೇಕಾಗುತ್ತದೆ ಎನ್ನುವುದು ನನಗೆ ಹೊಳೆದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ. ಅದು ಒಳ್ಳೆಯ ಅಭ್ಯಾಸ, ಬಾಬುವಿಗೆ ಇಲ್ಲ. ಟ್ರ್ಯಾಕ್ಟರಿನವರಿಗೆ ಏನೋ ಹೇಳಿ ಕಳಿಸಿ ಫೋನ್ ಮುಂದೆ ಕೂತೆ. ಸಾಕಾಗಲೂಬಹುದು, ಇವತ್ತು ಗಾಳಿ ಹಿಂದಿನಿಂದ ಬೀಸುತ್ತಿದೆ ಎಂದೆಲ್ಲ ಲೆಕ್ಕ ಹಾಕಿದೆ. ಗಾಳಿಯ ಲೆಕ್ಕ ಯಾರೂ ಕಲಿಸಿರಲಿಲ್ಲ, ನಾನೇ ಆಗ ಹುಟ್ಟಿಸಿಕೊಂಡದ್ದು.

ಆಮೇಲೆ ಅವಳದೇ ಫೋನ್ ಬಂತು.

"ರವಣಣ್ಣಾ, ನಿಂತೋಯ್ತು."

"ಎಲ್ಲಿ?"

"ಕೆರೆ ಏರಿ ಹತ್ತೋ ಕಡೆ. ನಾಲ್ಕು ಜನಾನೂ ಅವ್ರೆ."

ಎಲ್ಲ ಆಫ್ ಮಾಡು, ಫ್ಯಾನು, ಹಾಡು ಏನೂ ಬೇಡ, ಸುಮ್ಮನೆ ನಿಲ್ಲಿಸು ಎಂದೆ. ಬ್ಯಾಟರಿಯನ್ನು ಹಾಗೇ ಬಿಟ್ಟರೆ ತುಸು ಚೇತರಿಸಿಕೊಳ್ಳುತ್ತದೆ, ಆಮೇಲೆ ಇನ್ನೊಂದು ಸ್ವಲ್ಪ ದೂರಕ್ಕೆ ಕೊಡುತ್ತದೆ. ಏರಿ ಹತ್ತಿಬಿಟ್ಟರೆ ಮುಂದೆ ಇಳಿಜಾರು, ಆಮೇಲೆ ಸಮ ರಸ್ತೆ.

"ಎಷ್ಟೊತ್ತು ನಿಲ್ಲಿಸ್ಲಿ?"

"ಕಾಲು ಗಂಟೆ" ಎಂದೆ. ಬಾಯಿಗೆ ಬಂದದ್ದು ಅದು.

ಆ ಕಡೆ ಒಂದು ಡೀಸೆಲ್ ಗಾಡಿ ಹತ್ತಿರ ಬರುವ ಸದ್ದು ಕೇಳಿಸಿತು. ನಾಗವೇಣಿ ಇರಬೇಕು, ಏನಂತೆ ಎಂದು ಕೇಳುತ್ತಿದ್ದಳು. ಗಂಗರತ್ನ ಧ್ವನಿ ತಗ್ಗಿಸಿದಳು.

"ಅಣ್ಣಾ, ನೀವು ಹೇಳೋ ಕಾಲು ಗಂಟೆನಾ, ನಿಜವಾದ ಕಾಲು ಗಂಟೆನಾ?"

ನಾನು ಈ ಪ್ರಶ್ನೆಯನ್ನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಕುಹಕವಿರಲಿಲ್ಲ. ಅವಳಿಗೆ ಗೊತ್ತಾಗಬೇಕಿತ್ತು, ಅಷ್ಟೆ. ಕಾಲು ಗಂಟೆ ನಿಂತರೆ ಗೇಟು ಸಿಗುತ್ತದೆ, ಸ್ವಲ್ಪ ಹೆಚ್ಚಾದರೆ ಸಿಗುವುದಿಲ್ಲ. ಹೂಂ, ನಿಜವಾದದ್ದೇ ಎಂದು ಹೇಳಬಹುದಿತ್ತು. ಬಾಯಿ ತೆರೆದೆ. ಆ ಬ್ಯಾಟರಿಗಳು ಎಷ್ಟು ಸೊರಗಿವೆ, ಏರಿಯ ದಿಬ್ಬ ಎಷ್ಟಿದೆ, ನಾಲ್ವರ ಭಾರ ಎಷ್ಟು, ಯಾವುದಕ್ಕೂ ನನ್ನಲ್ಲಿ ಲೆಕ್ಕವಿರಲಿಲ್ಲ.

"ಗೊತ್ತಿಲ್ಲ ಕಣಮ್ಮ" ಎಂದೆ. "ಎಷ್ಟೊತ್ತು ನಿಂತ್ರೂ ಏರಿ ಹತ್ತುತ್ತೋ ಇಲ್ವೋ, ಅದೂ ಗೊತ್ತಿಲ್ಲ."

ಸರಿ ಬಿಡಿ ಎಂದಳು. ಫೋನ್ ಕಟ್ ಮಾಡಲು ಮರೆತಳು, ಹಾಗಾಗಿ ಉಳಿದದ್ದನ್ನು ಕಿವಿಯಾರೆ ಕೇಳಿದೆ.

"ನಾಗಕ್ಕಾ, ಇಳೀರಿ ಎಲ್ರೂ. ಬಾಬೂ, ನಿಲ್ಸೋ."

"ನಾನ್ ಹೇಳ್ಲಿಲ್ವಾ ಅಕ್ಕಾ, ಈ ಬೊಂಬೆ..."

"ಹೇಳ್ದೆ ಕಣೋ. ಈಗ ಬಾಯಿ ಮುಚ್ಕೊಂಡು ಇವ್ರನ್ನ ಗೇಟ್ ಹತ್ರ ಬಿಡು. ನಿನ್ನ ಕಾಲಿಗೆ ಬೀಳ್ತೀನಿ, ದಾರೀಲಿ ಯಾರ್ನೂ ಹತ್ತಿಸ್ಕೋಬೇಡ."

ಹೆಂಗಸರಲ್ಲಿ ಒಬ್ಬಳು ಇನ್ನೂ ಸ್ವಲ್ಪ ನೋಡಬಹುದಿತ್ತು ಎಂದಳು. ಗಂಗರತ್ನ ಅವಳನ್ನು ಗದರಿದಳು. ಡೀಸೆಲ್ ಗಾಡಿಯ ಸದ್ದು ದೂರವಾಯಿತು. ಆಮೇಲೆ ಬರೀ ಗಾಳಿ.

ನನ್ನ ಮೊಪೆಡ್ ಹತ್ತಿ ಹೊರಟೆ. ನಾಲ್ಕು ಬ್ಯಾಟರಿ ಮೊಪೆಡ್‌ನಲ್ಲಿ ಸಾಗಿಸಲು ಆಗುವುದಿಲ್ಲ, ಸುಮ್ಮನೆ ಹೋದೆ. ಹೋಗಿ ನೋಡಿದರೆ ಅವಳ ಗಾಡಿ ಆಗಷ್ಟೇ ಏರಿ ಹತ್ತಿ ಮೇಲೆ ನಿಂತಿತ್ತು. ಎಷ್ಟು ಹೊತ್ತು ನಿಲ್ಲಿಸಿದ್ದೆ ಎಂದು ಕೇಳಿದೆ. ಕಾಲು ಗಂಟೆ ಇರಬಹುದು ಎಂದಳು. ಅಷ್ಟರಲ್ಲಿ ನಾನು ಅಲ್ಲಿಗೆ ಬಂದಿರಲು ಸಾಧ್ಯವಿಲ್ಲ, ಅದಕ್ಕಿಂತ ಹೆಚ್ಚೇ ಆಗಿರಬೇಕು ಎಂದೆ. ನೀವು ಜೋರಾಗಿ ಬಂದಿರಬಹುದು ಎಂದಳು. ನಾನು ಮೊಪೆಡ್ ಯಾವತ್ತೂ ಜೋರಾಗಿ ಓಡಿಸಿದವನಲ್ಲ. ಅಲ್ಲಿ ಖಾಲಿ ಗಾಡಿಯ ಪಕ್ಕ ನಿಂತು ಇಬ್ಬರೂ ಈ ವಿಷಯಕ್ಕೆ ತುಂಬಾ ಹೊತ್ತು ಜಗಳವಾಡಿದೆವು. ಬೇರೆ ಯಾವುದರ ಬಗ್ಗೆಯೂ ಮಾತಾಡುವುದು ಇಬ್ಬರಿಗೂ ಬೇಕಿರಲಿಲ್ಲ.

ನಾಲ್ವರೂ ಗೇಟಿನೊಳಗೆ ಹೋದರು ಎಂದು ಸಂಜೆ ತಿಳಿಯಿತು. ಬಾಬು ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಜನ ಹತ್ತಿಸಿಕೊಂಡಿದ್ದ. ಎರಡು ಸಲವೂ ಎರಡೇ ನಿಮಿಷ ಅಂದಿದ್ದನಂತೆ. ಕೊನೆಯವಳು ಒಳಗೆ ಕಾಲಿಟ್ಟಾಗ ಗೇಟು ಅರ್ಧ ಮುಚ್ಚಿತ್ತಂತೆ. ಪೂರ್ತಿ ತೆರೆದಿತ್ತು ಎಂದು ಬಾಬು ಹೇಳುತ್ತಾನೆ. ಗೇಟಿನ ಬಗ್ಗೆ ನಾನು ಏನನ್ನೂ ಹೇಳಲಾರೆ.

ಮಾರನೆಯ ದಿನದ್ದು ಗಂಗರತ್ನಳೇ ಹೇಳಿದ್ದು, ಅವಳು ಹೇಳಿದಂತೆಯೇ ಬರೆಯುತ್ತೇನೆ. ಗೇಟು ತಪ್ಪದಿದ್ದರೂ ಮುಟ್ಟಿಸಿದ್ದು ತಾನಲ್ಲ, ಷರತ್ತಿನ ಪ್ರಕಾರ ತನ್ನದು ಮುಗಿಯಿತು ಎಂದುಕೊಂಡೇ ಅವಳು ಹೋದದ್ದು. ಹೇಳಿ ಬರೋಣ ಎಂದು. ಬಾಬು ಆಗಲೇ ಬಂದು ಹಾಡು ಹಾಕಿಕೊಂಡು ನಿಂತಿದ್ದ. ನಾಲ್ವರೂ ಎರಡು ಗಾಡಿಗಳ ಮಧ್ಯೆ ನಿಂತಿದ್ದರು. ಉಳಿದ ಮೂವರು ನಾಗವೇಣಿಯ ಮುಖ ನೋಡುತ್ತಿದ್ದರು. ನಾಗವೇಣಿ ಮೊದಲು ಗಂಗರತ್ನಳನ್ನು ಕೇಳಿದಳು, ಇವತ್ತು ಗಾಡಿ ಹೋಗುತ್ತಾ ಎಂದು. ಏರಿ ಹತ್ತಿರ ನೀವು ಇಳಿದು ನಡೆದರೆ ಹೋಗುತ್ತದೆ, ಮೆಲ್ಲಗೆ ಓಡಿಸಬೇಕು, ಅದಕ್ಕೆ ಅರ್ಧ ಗಂಟೆ ಮುಂಚೆ ಹೊರಡಬೇಕಾಗುತ್ತದೆ ಎಂದಳು ಗಂಗರತ್ನ. ನಾಳೆ? ನಾಳೆಯೂ ಅಷ್ಟೆ, ಹೊಸ ಬ್ಯಾಟರಿ ಹಾಕಿಸುವವರೆಗೂ ಅಷ್ಟೆ. ಬಾಬುವನ್ನು ಕೇಳಿದಳು. ಅವನು ಯಾವಾಗ ಬೇಕಾದರೂ ಬನ್ನಿ ಅಕ್ಕಾ, ಇಪ್ಪತ್ತೇ ನಿಮಿಷ ಎಂದ.

ನಾಗವೇಣಿ ಬಾಬುವಿಗೆ ಹೇಳಿದ್ದು ಇಷ್ಟು.

"ನೀನು ಯಾವತ್ತಾದ್ರೂ ಆಗಲ್ಲ ಅಂದಿದ್ದು ಉಂಟೇನಪ್ಪ? ಇವಳಾದ್ರೆ ಆಗಲ್ಲ ಅನ್ನಿಸಿದ್ರೆ ಇಳಿಸಿ ಕಳಿಸ್ತಾಳೆ."

ಉಳಿದ ಮೂವರಿಗೆ ಇದು ಇಷ್ಟವಾಗಲಿಲ್ಲ. ಏರಿ ನಡೆದು ಹತ್ತುವುದು ಯಾರಿಗೆ ಬೇಕು? ಅಡುಗೆ ಯಾವಾಗ ಮುಗಿಸುವುದು? ಬೈದುಕೊಂಡೇ ಗಂಗರತ್ನಳ ಗಾಡಿ ಹತ್ತಿದರು. ಬಾಬು ಹಾಡು ನಿಲ್ಲಿಸಲಿಲ್ಲ.

ಅಂಗಡಿ ಬಿಟ್ಟ ಮೇಲೆ ಒಮ್ಮೆ ಕೆಲಸದ ಮೇಲೆ ಕುಡುಮಲಕುಂಟೆಗೆ ಹೋಗಿದ್ದೆ. ಮಧ್ಯಾಹ್ನ. ಬಿಸಿಲು ಹೆಚ್ಚಾಗಿತ್ತು, ಒಂದು ಕಾರ್ಖಾನೆಯ ಗೇಟಿನ ಎದುರು ಹೊಂಗೆ ಮರದ ಕೆಳಗೆ ನಿಂತೆ. ಕಲ್ಲುಚಪ್ಪಡಿಯ ಮೇಲೆ ನಾಲ್ವರು ಹೆಂಗಸರು ಊಟದ ಡಬ್ಬಿ ಪಕ್ಕಕ್ಕಿಟ್ಟು, ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ಒಬ್ಬಳನ್ನು ಇನ್ನೊಬ್ಬಳು ನಾಗಕ್ಕಾ ಎಂದಾಗ ಗೊತ್ತಾಯಿತು. ಅವರು ನನ್ನನ್ನು ನೋಡಿದ್ದಿಲ್ಲ. ಜಾಗ ಬಿಟ್ಟುಕೊಟ್ಟು, ಕೂತ್ಕೊಳಪ್ಪ ಎಂದರು. ಒಂದು ಹಿಡಿ ಕಡಲೆಕಾಯಿ ಕೊಟ್ಟರು. ಗೇಟು ತೆಗೆಯುವುದು ತಡವೇ ಎಂದು ಕೇಳಿದೆ.

"ಇನ್ನೂ ಐತೆ" ಎಂದಳು ನಾಗವೇಣಿ. "ನಾವು ದಿನಾ ಹಿಂಗೇ ಮುಂಚೆ ಬಂದು ಕೂತ್ಕೊಳೋದು. ಗೌರಿಬಿದನೂರಲ್ಲಿ ಬ್ಯಾಟರಿಯವನೊಬ್ಬ ಇದ್ದ. ಜೀವಮಾನ ಎಲ್ಲ ಅದೇ ಕೆಲಸ ಮಾಡಿ, ಕೇಳಿದ್ರೆ ಗೊತ್ತಿಲ್ಲ ಅಂದನಂತೆ. ಅವನಿಂದ ನಮಗೆ ಈ ಗ್ರಹಚಾರ."

ಅಂಥವರೂ ಇರುತ್ತಾರೆ ಎಂದೆ. ಹೊಸ ಬ್ಯಾಟರಿ ಹಾಕಿಸಿಲ್ಲವಾ ಎಂದು ಕೇಳಬೇಕೆನಿಸಿತು. ಕೇಳಿದರೆ ನಾನು ಯಾರೆಂದು ಹೇಳಬೇಕಾಗುತ್ತಿತ್ತು. ಆಮೇಲೆ ಅವರ ಮಾತಿನಲ್ಲೇ ತಿಳಿಯಿತು, ಹಾಕಿಸಿ ಬಹಳ ದಿನಗಳಾಗಿವೆ, ಗಾಡಿ ಈಗ ಏರಿಯನ್ನು ನಾಲ್ವರ ಸಮೇತ ಹತ್ತುತ್ತದೆ. ಆದರೂ ಮುಂಚೆ ಹೊರಡುವುದು ನಿಂತಿಲ್ಲ.

ಬೆಲ್ಲು ಹೊಡೆಯಿತು. ಬಸ್ಸುಗಳಿಂದ, ಟೆಂಪೋಗಳಿಂದ, ಡೀಸೆಲ್ ಆಟೋಗಳಿಂದ ಇಳಿದವರು ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಸಿಕ್ಕಿಸಿಕೊಂಡು ಗೇಟಿನ ಕಡೆ ಓಡಿದರು. ಈ ನಾಲ್ವರು ಎದ್ದರು. ಮಡಿಲಿನ ಸಿಪ್ಪೆ ಕೊಡವಿಕೊಂಡರು. ಡಬ್ಬಿ ಎತ್ತಿಕೊಂಡು, ಓಡುವವರಿಗೆ ದಾರಿ ಬಿಟ್ಟುಕೊಡುತ್ತಾ, ಮಾತಾಡಿಕೊಂಡು ನಡೆದುಹೋದರು.